ಇದೇ ನೋವಾ?

ಬೆರಳಿಗೆ ಮೊದಲು ತೂಕ ಕಲಿಸಬೇಕು.
ಅವೆನ್ಯೂ ರೋಡಿನಲ್ಲಿ ಚೌಕಾಸಿ ಮಾಡಿ ತಂದ
ಅಡುಗೆಮನೆಯ ತಕ್ಕಡಿ ಮೇಲೆ
ದಿನಾ ಬೆಳಿಗ್ಗೆ ಎರಡು ಬೆರಳೂರಿ ಒತ್ತುತ್ತೇವೆ
ನಾನು, ಇಮ್ತಿಯಾಜ್.
ಕೆನ್ನೆಯ ಸ್ನಾಯುವಿಗೆ ಒಂದು ಕೇಜಿ,
ಕಿವಿಯ ಮುಂದಿನ ಕೀಲಿಗೆ ಅರ್ಧ.
ಟೊಮೆಟೊ ತೂಗುವವರ ಹಾಗೆ ಮುಳ್ಳು ನೋಡಿಕೊಂಡು,
ಆಮೇಲೆ ಕಣ್ಣು ಮುಚ್ಚಿ,
ಮುಳ್ಳು ಬೇಡವೆಂದು ಬೆರಳೇ ಹೇಳುವ ತನಕ.

ಕೋಟೆ ಪಕ್ಕದ ಹಲ್ಲಿನ ಆಸ್ಪತ್ರೆ, ಎರಡನೇ ಮಹಡಿ.
ಒಬ್ಬರೇ ರೋಗಿ, ಇಬ್ಬರು ಪರೀಕ್ಷಕರು,
ನಡುವೆ ಹಸಿರು ಪರದೆ.
ಅವನು ಬರೆದದ್ದನ್ನು ನಾನು ನೋಡಕೂಡದು,
ನಾನು ಬರೆದದ್ದನ್ನು ಅವನು.
ಕೀಲಿನೊಳಗೆ ‘ಕಟ್’ ಅಂದಿತೋ ಇಲ್ಲವೋ,
ಕಲಾಸಿಪಾಳ್ಯದ ಬಸ್ಸುಗಳು ಉಸಿರು ಹಿಡಿದ
ಆ ಅರೆಗಳಿಗೆಯಲ್ಲೇ ತೀರ್ಮಾನ.

ಕಂಡಕ್ಟರ್ ಬೋರಲಿಂಗಯ್ಯನಿಗೆ ನಾನು ‘ಇದೆ’ ಅಂತ ಗೀಚಿದೆ,
ಇಮ್ತಿಯಾಜ್ ‘ಇಲ್ಲ’ ಅಂದ.
ಇಬ್ಬರೂ ಸುಳ್ಳಲ್ಲ.
ಪರದೆ ದಾಟುವಷ್ಟರಲ್ಲಿ ಕೀಲು ಮನಸ್ಸು ಬದಲಿಸಿತ್ತು.

ತಿಂಗಳ ಕೊನೆಗೆ ಭುವನೇಂದ್ರ ಸರ್ ಲೆಕ್ಕ ಹಾಕಿದರು:
ನೀವಿಬ್ಬರೂ ಒಪ್ಪಿದ್ದರಲ್ಲಿ
ಕಣ್ಣು ಕಟ್ಟಿ ನಾಣ್ಯ ಚಿಮ್ಮಿದ್ದರೂ ಒಪ್ಪುತ್ತಿದ್ದಷ್ಟನ್ನು ಕಳೆಯಿರಿ,
ಉಳಿದದ್ದಷ್ಟೇ ನಿಮ್ಮದು.
ನೋವಿನಲ್ಲಿ ಪರವಾಗಿಲ್ಲ, ಉಳಿಯಿತು.
ಸದ್ದಿನಲ್ಲಿ ಸೊನ್ನೆ ಪಾಯಿಂಟ್ ಮೂರು.
“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ
ನಿಮ್ಮಜ್ಜಿ ಹೇಳಿಲ್ವೇನಮ್ಮಾ?”
ಇಲ್ಲ ಸರ್. ನಮ್ಮಜ್ಜಿ ಹೇಳಿದ್ದು
ಹಲ್ಲು ಕಚ್ಚಿ ಸಹಿಸು ಅಂತ.
ಅದನ್ನು ಅಕ್ಷರಶಃ ಪಾಲಿಸಿದವರೇ
ಹೊರಗೆ ಬೆಂಚಿನ ಮೇಲೆ ಟೋಕನ್ ಹಿಡಿದು ಕೂತಿದ್ದಾರೆ.

ಹದಿನೇಳನೇ ಟೋಕನ್ನು ಶಿವಮಲ್ಲಿ.
ಬೊಮ್ಮನಹಳ್ಳಿ ಗಾರ್ಮೆಂಟ್ಸು, ಕಾಲರಿನ ಲೈನು,
ಗಂಟೆಗೆ ಎಂಬತ್ತು.
ಕತ್ತರಿಗೆ ಕೈ ಚಾಚುವ ಪುರಸೊತ್ತಿಲ್ಲ,
ದಾರ ಹಲ್ಲಲ್ಲೇ ಕಡಿಯುತ್ತಾಳೆ.
ಬಾಯಿ ತೆರೆದದ್ದು ಮೂವತ್ತೊಂದು ಮಿಲಿಮೀಟರ್.
ಗದ್ದ ಚೂರು ಎಡಕ್ಕೆ ವಾಲಿತು.
ನಾಚಿಕೆ ಅಂದುಕೊಂಡೆ.

ಬಲಗೆನ್ನೆಗೆ ಒಂದು ಕೇಜಿ ಇಟ್ಟೆ.
ಹುಬ್ಬು ಕುಣಿಯಿತು.
ಪಾಠ ಒಪ್ಪಿಸುವಂತೆ ಕೇಳಿದೆ:
“ಇದು ನಿಮಗೆ ಗೊತ್ತಿರುವ ನೋವೇ?
ಈ ತಿಂಗಳು ಬಂದಿತ್ತಲ್ಲ, ಇದೇನಾ ಅದು?”
“ಯಾವುದು ಮೇಡಂ?” ಅಂದಳು.
“ಮಿಷನ್ ಮುಂದೆ ಬರೋದಾ,
ಸೂಪರ್‌ವೈಸರ್ ಹಿಂದೆ ನಿಂತಾಗ ಬರೋದಾ,
ಬೆಳಗಿನ ಜಾವ ಎಬ್ಬಿಸೋದಾ?”
ನನ್ನ ಹಾಳೆಯಲ್ಲಿ ಎರಡೇ ಚೌಕ,
ಹೌದು, ಇಲ್ಲ.
ಹೌದಿಗೆ ಟಿಕ್ಕು ಹಾಕಿದೆ.
ಎಡಗಡೆ: ಸದ್ದಿಲ್ಲ, ನೋವಿಲ್ಲ, ಸರಿ.
ಇಮ್ತಿಯಾಜನೂ ಅದನ್ನೇ ಬರೆದಿದ್ದ.
ಅವತ್ತು ನಮ್ಮ ಒಪ್ಪಿಗೆ ನೂರಕ್ಕೆ ನೂರು,
ಕ್ಯಾಂಟೀನಿನಲ್ಲಿ ಬೈಟೂ ಕಾಫಿ.

ಹದಿನೈದು ದಿನ ಬಿಟ್ಟು ಎಂಆರ್‌ಐ ಬಂತು.
ಕಿಟಕಿಯ ಬೆಳಕಿಗೆ ಹಿಡಿದೆವು.
ನೋಯುವ ಬಲಗಡೆ ಬಿಲ್ಲೆ
ಮೂಳೆಯ ನೆತ್ತಿ ಮೇಲೆ ಟೋಪಿಯಂತೆ ನೆಟ್ಟಗೆ.
ಎಡಗಡೆ ಜಾರಿ, ಮುದುರಿ,
ಬಾಯಿ ತೆರೆದರೂ ವಾಪಸು ಬಾರದೆ ಕೂತಿತ್ತು.
ಸದ್ದೆಲ್ಲಿಂದ ಬರಬೇಕು?
ಹೋಗಿ ಬರುವ ಬಾಗಿಲಿಗೆ ಕಿರುಗುಟ್ಟುವ ಭಾಗ್ಯ.
ಇದು ಜಡಿದುಕೊಂಡದ್ದು.
ಇಬ್ಬರೂ ಒಟ್ಟಿಗೆ, ಒಂದೇ ತೂಕದಲ್ಲಿ, ತಪ್ಪಿದ್ದೆವು.

ಅವಳಿಗೂ ತೋರಿಸಿದೆ.
ಹೊಲಿಗೆ ಬಿಟ್ಟ ಕಾಲರನ್ನು ನೋಡುವ ಹಾಗೆ
ಫಿಲ್ಮನ್ನು ಹತ್ತಿರ ಹಿಡಿದು, ದೂರ ಹಿಡಿದು
ಕೇಳಿದಳು:
“ಇದರಲ್ಲಿ ನೋವು ಎಲ್ಲಿ ಬಿದ್ದಿದೆ?”

ಅದು ಬೀಳುವುದಿಲ್ಲ, ಅಂದೆ.
“ಹಂಗಾದ್ರೆ ನಿಮ್ಮ ಬೆರಳೇ ವಾಸಿ ಬಿಡಿ” ಅಂದಳು.
ಸಮಾಧಾನಕ್ಕೋ, ವ್ಯಂಗ್ಯಕ್ಕೋ.

ಎದ್ದವಳು ತಡೆದಳು.
ನನ್ನ ಬಿಳಿ ಕೋಟಿನ ತೋಳಲ್ಲಿ
ಒಂದೆಳೆ ದಾರ ಇಳಿಬಿದ್ದಿತ್ತು.
ಬೇಡ ಬೇಡ ಅನ್ನುವಷ್ಟರಲ್ಲಿ ಬಗ್ಗಿ,
ಮುಂಗೈಗೆ ಉಸಿರು ತಾಗುವಷ್ಟು ಹತ್ತಿರ,
ಕಡಿದಳು.

ಕಟ್.

ದಾರವೋ, ಕೀಲೋ.
ಅವಳು ಮೆಟ್ಟಿಲಿಳಿದು ಮಾರ್ಕೆಟ್ಟಿನ ಕಡೆ ಹೋದ ಮೇಲೂ
ಪೆನ್ನು ಕೈಯಲ್ಲೇ ಇತ್ತು.